ಹಾಜರಿಗೆ ಓಗೊಡದ ಹುಡುಗಿ

ಹನಕೆರೆಯಿಂದ ಮಂಡ್ಯಕ್ಕೋ ಮದ್ದೂರಿಗೋ ಕಾಲೇಜಿಗೆ ಹೋಗಿಬರುವ ಹುಡುಗ ಹುಡುಗಿಯರ ಕಿವಿಯಲ್ಲಿ ರ್‍ಯಾಪ್ ಮೊಳಗುವುದು ಈಗ ಹೊಸತೇನಲ್ಲ. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರು ಅದನ್ನು ಕನ್ನಡದಲ್ಲೇ ಮನೆಮನೆಗೆ ಮುಟ್ಟಿಸಿದ್ದಾರೆ. ಆದರೂ ಹಿರಿಯರ ದೂರು ತಪ್ಪಿಲ್ಲ. ‘ಇದರಲ್ಲಿ ರಾಗ ಎಲ್ಲಿದೆ? ಬಡಬಡಿಸುವುದೂ ಒಂದು ಹಾಡೇ? ಇದನ್ನು ಕೇಳುತ್ತ ಕೂತರೆ ಓದುವುದು ಯಾವಾಗ?’ ಈ ಮೂರೂ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕೇಳಬೇಕಾದ ಆಲ್ಬಂ ಒಂದಿದೆ. ಅಮೆರಿಕದಲ್ಲಿ ತಯಾರಾದ ಅದು ಶುರುವಾಗುವುದೇ ಶಾಲೆಯ ಗಂಟೆಯಿಂದ.

ಗಂಟೆ ಬಾರಿಸುತ್ತದೆ. ಮೇಷ್ಟ್ರು ಹಾಜರಿ ಕೂಗುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ಓಗೊಡುತ್ತಾರೆ. ‘ಲಾರಿನ್ ಹಿಲ್’ ಎಂಬ ಹೆಸರು ಬಂದಾಗ ಮಾತ್ರ ಉತ್ತರವಿಲ್ಲ. 1998ರ ಆಗಸ್ಟ್ 25ರಂದು ಹೊರಬಂದ ಈ ಆಲ್ಬಂ ಹೆಸರು ‘ದಿ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್’. ಅಂದರೆ ಲಾರಿನ್ ಹಿಲ್‌ಗೆ ದೊರೆತ ತಪ್ಪು ಶಿಕ್ಷಣ. ಕರಿಯರ ಮಕ್ಕಳಿಗೆ ಅಮೆರಿಕದ ಶಾಲೆಗಳು ಏನನ್ನು ಕಲಿಸದೆ ಬಿಟ್ಟಿವೆ ಎಂದು ಪ್ರಶ್ನಿಸಿ ಇತಿಹಾಸಕಾರ ಕಾರ್ಟರ್ ವುಡ್‌ಸನ್ 1933ರಲ್ಲಿ ಬರೆದ ಪುಸ್ತಕದ ಹೆಸರಿನ ನೆರಳು ಇದರಲ್ಲಿದೆ.

ಹಾಗೆಂದು ಲಾರಿನ್ ಓದಿನಲ್ಲಿ ಹಿಂದುಳಿದ ಹುಡುಗಿಯಲ್ಲ. ನ್ಯೂಜೆರ್ಸಿಯಲ್ಲಿ ಬೆಳೆದ ಆಕೆಯ ತಾಯಿ ಇಂಗ್ಲಿಷ್ ಶಿಕ್ಷಕಿ. ಹೆಸರಾಂತ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಸೇರಿದ್ದಳು. ಹಾಡಿನ ಸೆಳೆತಕ್ಕೆ ಅದನ್ನು ಬಿಟ್ಟಳು. ‘ಫ್ಯೂಜೀಸ್’ ಎಂಬ ಮೂವರ ತಂಡದಲ್ಲಿದ್ದು 1996ರಲ್ಲಿ ‘ದಿ ಸ್ಕೋರ್’ ಆಲ್ಬಂನಿಂದ ಲೋಕಪ್ರಸಿದ್ಧಳಾದಳು. ಆಮೇಲೆ ತಂಡದಿಂದ ದೂರವಾಗಿ, ತನ್ನದೇ ಹೆಸರಿನಲ್ಲಿ ಈ ಆಲ್ಬಂ ತಂದಾಗ ವಯಸ್ಸು 23.

ಹಾಡುಗಳ ನಡುನಡುವೆ ಮತ್ತೆ ಅದೇ ತರಗತಿ ಕೇಳಿಸುತ್ತದೆ. ಪ್ರೀತಿ ಎಂದರೇನು ಎಂದು ಮೇಷ್ಟ್ರು ಕೇಳುತ್ತಾರೆ. ಮಕ್ಕಳು ನಗುತ್ತ, ನಾಚುತ್ತ ಉತ್ತರಿಸುತ್ತಾರೆ. ಮೇಷ್ಟ್ರ ದನಿ ರಾಸ್ ಬರಾಕಾ ಅವರದು. ಮುಂದೆ 2014ರಲ್ಲಿ ಅವರು ನ್ಯೂಯಾರ್ಕ್‌ಗೆ ಸಮೀಪದ ನೆವಾರ್ಕ್ ನಗರದ ಮೇಯರ್ ಆದರು. ಆ ತರಗತಿಗೆ ಬಾರದ ಹುಡುಗಿ ಹೊರಗಿನ ಬದುಕಿನಿಂದ ಕಲಿತದ್ದೇ ಹಾಡುಗಳಾಗಿವೆ. ಹೆಸರು ಏರುತ್ತಿದ್ದ ಹೊತ್ತಿನಲ್ಲಿ ಗರ್ಭಿಣಿಯಾದಾಗ, ವೃತ್ತಿಯ ಕಡೆ ನೋಡು ಎಂದು ಹೇಳಿದವರಿದ್ದರು. ಆಕೆ ಮಗುವನ್ನೇ ಆರಿಸಿಕೊಂಡಳು. ಆ ಮಗ ಜಯಾನ್‌ಗಾಗಿ ಹಾಡಿದ ಹಾಡಿಗೆ ಗಿಟಾರ್ ನುಡಿಸಿದವರು ಕಾರ್ಲೋಸ್ ಸಂಟಾನಾ.

ಆಲ್ಬಂ ಮೊದಲ ವಾರದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. 1999ರ ಫೆಬ್ರುವರಿಯಲ್ಲಿ ಆಕೆಗೆ ಒಂದೇ ರಾತ್ರಿ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ವರ್ಷದ ಆಲ್ಬಂ ಎಂಬ ಗೌರವ ಹಿಪ್‌ಹಾಪ್‌ಗೆ ಸಂದದ್ದು ಅದೇ ಮೊದಲು. 2024ರಲ್ಲಿ ಆಪಲ್ ಮ್ಯೂಸಿಕ್ ಸಂಸ್ಥೆ ಆರಿಸಿದ ನೂರು ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನವೂ ಇದರದೇ.

ಆದರೆ ರ್‍ಯಾಪ್ ಅಭಿಮಾನಿಗಳಲ್ಲಿ ಒಂದು ತಕರಾರು ಉಳಿದೇ ಇದೆ. ಅರ್ಧಕ್ಕಿಂತ ಹೆಚ್ಚು ರಾಗವಾಗಿ ಹಾಡಿರುವ ಇದನ್ನು ರ್‍ಯಾಪ್ ಎನ್ನಬಹುದೇ? ಹಿರಿಯರ ಆಕ್ಷೇಪ ಮಾತು ಹೆಚ್ಚಾಯಿತೆಂದು. ಅಭಿಮಾನಿಗಳದು ಹಾಡು ಹೆಚ್ಚಾಯಿತೆಂದು! ಮಂಡ್ಯ ಸೀಮೆಯವರಿಗೆ ಈ ಜಗಳ ತುಸು ವಿಚಿತ್ರವಾಗಿಯೇ ಕಾಣಬೇಕು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠಕ್ಕೆ ನಡೆದುಕೊಳ್ಳುವ ನೀಲಗಾರರು ತಂಬೂರಿ ಮೀಟುತ್ತ ರಾತ್ರಿಯಿಡೀ ಕಥೆ ಮಾಡುವುದನ್ನು ಕೇಳಿದವರಿಗೆ, ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಅಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಥೆ ಹೇಳುವವನು ಒಬ್ಬನಾದರೂ ಹಿಮ್ಮೇಳದವರು ಸೊಲ್ಲು ಕೊಡದೆ ಕಥೆ ಮುಂದಕ್ಕೆ ಸಾಗದು. ಲಾರಿನ್ ಎಡವಿದ್ದು ಇಲ್ಲೇ ಎನ್ನುವವರಿದ್ದಾರೆ. 1998ರ ನವೆಂಬರಿನಲ್ಲಿ, ಆಲ್ಬಂಗೆ ದುಡಿದ ನಾಲ್ವರು ಸಂಗೀತಗಾರರು ಕೋರ್ಟಿಗೆ ಹೋದರು. ಹಾಡು ಕಟ್ಟಿದ್ದರಲ್ಲಿ ತಮ್ಮ ಪಾಲಿದೆ, ಆದರೆ ಸಲ್ಲಬೇಕಾದ ಹೆಸರು ಸಂದಿಲ್ಲ ಎಂಬುದು ಅವರ ವಾದ. ಕೃತಿ ತನ್ನದೇ ಎಂಬುದು ಆಕೆಯ ನಿಲುವು. 2001ರಲ್ಲಿ ವ್ಯಾಜ್ಯ ಕೋರ್ಟಿನ ಹೊರಗೇ ರಾಜಿಯಲ್ಲಿ ಮುಗಿಯಿತು. ಹೀಗಾಗಿ ಯಾರ ಪಾಲು ಎಷ್ಟು ಎಂದು ನ್ಯಾಯಾಧೀಶರು ಹೇಳುವ ಸಂದರ್ಭವೇ ಬರಲಿಲ್ಲ. 2002ರಲ್ಲಿ ವೇದಿಕೆಯ ಗಾಯನದ ಮುದ್ರಣವೊಂದು ಬಂತು. ಸ್ಟುಡಿಯೋದಲ್ಲಿ ಸಿದ್ಧಪಡಿಸಿದ ಎರಡನೆಯ ಸ್ವಂತ ಆಲ್ಬಂ ಮಾತ್ರ ಕಾಲು ಶತಮಾನ ಕಳೆದರೂ ಬಂದಿಲ್ಲ. ಅಭಿಮಾನಿಗಳು ಇಂದಿಗೂ ಆ ಒಂದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ನಾಲ್ವರ ಪ್ರಸ್ತಾಪವೂ ಜೊತೆಗೇ ಬರುತ್ತದೆ.

ಮಗಳು ರ್‍ಯಾಪ್ ಕೇಳುತ್ತಿದ್ದರೆ, ಅದರ ಮಾತುಗಳ ಅರ್ಥ ಹೇಳೆಂದು ತಾಯಿತಂದೆಯರು ಒಮ್ಮೆ ಪಕ್ಕದಲ್ಲಿ ಕೂರಬಹುದು. ಅರ್ಥ ಹೇಳಲು ಹೊರಟವಳು ಆ ಹಾಡನ್ನು ಮೊದಲಿಗಿಂತ ಎಚ್ಚರದಿಂದ ಕೇಳಲೇಬೇಕಾಗುತ್ತದೆ. ಹಾಡಿದವರ ಹೆಸರಿನ ಜೊತೆ ಬರೆದವರಾರು, ನುಡಿಸಿದವರಾರು ಎಂದು ಹುಡುಕುವ ಅಭ್ಯಾಸವೂ ವಿದ್ಯಾರ್ಥಿಗಳಿಗೆ ಒಳ್ಳೆಯದು. ನಾಲ್ವರು ಸೇರಿ ಮಾಡಿದ ವಿಜ್ಞಾನದ ಮಾದರಿಗೆ ಬಹುಮಾನ ಬಂದಾಗ, ವೇದಿಕೆ ಹತ್ತಿದವನು ಉಳಿದ ಮೂವರ ಹೆಸರನ್ನೂ ಹೇಳಿ ಇಳಿಯಬೇಕು. ಪಠ್ಯಪುಸ್ತಕದಲ್ಲಿ ಈ ಪಾಠ ಇರಲಿ, ಬಿಡಲಿ, ಮನೆಯಲ್ಲಿ ಕಲಿಸಲು ಅಡ್ಡಿಯಿಲ್ಲ.