ಭಾನುವಾರದ ಬಡಗಿ: ಮರದ ಪೇಟೆಯಲ್ಲಿ ಒಂದು ಸುತ್ತು

ಕಳೆದ ಸಂಚಿಕೆಯಲ್ಲಿ ಉಳಿ, ತೋಪಡಗಳನ್ನು ಮಸೆಯುವ ಬಗೆಯನ್ನು ಕುರಿತು ಬರೆದಿದ್ದೆನಷ್ಟೆ. ಅದನ್ನೋದಿ ಕೋಥರೂಡದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. "ಉಳಿ ಮಸೆಯುವುದೇನೋ ಆಯಿತು, ಮಸೆದ ಉಳಿ ಇಡುವುದಕ್ಕೆ ಮರ ಎಲ್ಲಿದೆ?" ಎಂದು ಅವರ ಪ್ರಶ್ನೆ. ಮಗ ಈ ವರ್ಷ ಹತ್ತನೆಯ ತರಗತಿ. ಅಂಗಡಿಯಿಂದ ತಂದ ಸಿದ್ಧ ಮೇಜು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ಎರಡು ಮಳೆಗಾಲ ನೆಲ ಒರೆಸುವಷ್ಟರಲ್ಲಿ ಅದರ ಕಾಲು ನೆನೆದ ರಸ್ಕಿನಂತೆ ಉಬ್ಬಿ ಕುಳಿತಿದೆ. ಇನ್ನು ಸಾಗುವಾನಿಯದೇ ಆಗಲಿ ಎಂದು ಬಡಗಿಯನ್ನು ಕರೆದರೆ, ನಾಲ್ಕಡಿ ಉದ್ದ, ಎರಡಡಿ ಅಗಲದ ಮೇಜಿಗೆ ಆತ ನಾಲ್ಕು ಘನ ಅಡಿ ಮರ ಕೇಳುತ್ತಾನಂತೆ. ಯಜಮಾನರಿಗೆ ಇದು ಹಗಲುದರೋಡೆಯೆನಿಸಿದೆ. ಬಡಗಿ ಮೂವತ್ತು ವರ್ಷದಿಂದ ಗೊತ್ತಿದ್ದವನು, ಅವನನ್ನು ಕಳ್ಳನೆನ್ನಲು ಸೋದರಿಗೆ ಮನಸ್ಸಿಲ್ಲ. "ಯಾರ ಮಾತು ನಿಜ, ನೀವೇ ಹೇಳಿ" ಎಂದು ತಕ್ಕಡಿಯನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಕಚೇರಿಯಲ್ಲಿ ಕಡತದ ಮೇಲೆ ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸುವುದಷ್ಟೇ ಅಭ್ಯಾಸವಿರುವ ನನ್ನಂಥ ಗುಮಾಸ್ತನಿಗೆ ತೀರ್ಪು ಬರೆಯುವ ಯೋಗ!

ತೀರ್ಪಿಗೆ ಮೊದಲು ಪೇಟೆ ನೋಡಬೇಕು. ಪುಣೆಯಲ್ಲಿ ಮರವೆಂದರೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್. ರಾಮೋಶಿ ಗೇಟಿನಿಂದ ಒಳಗೆ ಹೊಕ್ಕರೆ ಕಣ್ಣಿಗಿಂತ ಮೊದಲು ಮೂಗಿಗೆ ಅದು ಗೊತ್ತಾಗುತ್ತದೆ. ಗರಗಸದ ಗಿರಣಿಗಳು, ಗೋಡೆಗೆ ಒರಗಿಸಿಟ್ಟ ಹಲಗೆಗಳು, ಕೈಗಾಡಿಗಳು, ನಡುವೆ ಪ್ಲೈವುಡ್ ಹೇರಿಕೊಂಡ ಟೆಂಪೋಗಳು. ಒತ್ತೊತ್ತಾಗಿ ಒಣಮರವೇ ತುಂಬಿದ ಜಾಗ. 2023ರ ಮೇ ತಿಂಗಳಲ್ಲಿ ಇಲ್ಲಿ ದೊಡ್ಡ ಬೆಂಕಿ ಬಿದ್ದು ಗೋದಾಮುಗಳು ಸುಟ್ಟದ್ದು ಅನೇಕರಿಗೆ ನೆನಪಿರಬಹುದು. ವ್ಯಾಪಾರಿಗಳಲ್ಲಿ ಬಹುಮಂದಿ ಕಚ್ಛ ಕಡೆಯ ಪಟೇಲರು. ಅವರೂ ನಮ್ಮಂತೆ ಊರು ಬಿಟ್ಟು ಬಂದವರೇ. ಒಮ್ಮೆ ನಾನು ಹೆಂಡತಿಯೊಡನೆ ಕನ್ನಡದಲ್ಲಿ ದರದ ವಿಷಯ ಗುಟ್ಟಾಗಿ ಮಾತಾಡುತ್ತಿದ್ದಾಗ, ಗಲ್ಲೆಯ ಮೇಲಿದ್ದ ಸೇಠರು "ಐನೂರು ಕಡಿಮಿ ಮಾಡ್ತೇನ್ರಿ, ಒಯ್ಯಿರಿ" ಎಂದುಬಿಟ್ಟರು! ಅವರ ಚಿಕ್ಕಪ್ಪನ ಗಿರಣಿ ಹುಬ್ಬಳ್ಳಿಯಲ್ಲಿತ್ತಂತೆ. ಆದ್ದರಿಂದ ಅಲ್ಲಿ ಕನ್ನಡವನ್ನು ಗುಪ್ತಭಾಷೆಯೆಂದು ನಂಬಬೇಡಿ.

ಆದರೆ ಮರದ ಹೆಸರಿನ ವಿಷಯದಲ್ಲಿ ನಮ್ಮ ಕನ್ನಡ ಇಲ್ಲಿ ಸಾಗದು. ಮತ್ತಿ ಬೇಕೆಂದರೆ ಯಾರಿಗೂ ತಿಳಿಯದು, ಐನ ಎನ್ನಬೇಕು. ನಮ್ಮ ಹೊನ್ನೆ ಇಲ್ಲಿ ಬಿಬಲಾ, ನಂದಿ ಇಲ್ಲಿ ನಾಣಾ, ಹಲಸು ಫಣಸ, ಜಾಲಿ ಬಾಭೂಳ. ಶಿವನೆ ಮಾತ್ರ ಶಿವಣವಾಗಿ ಸ್ವಲ್ಪದರಲ್ಲೇ ಗುರುತು ಹಿಡಿಸುತ್ತದೆ. ತೋಪಡಕ್ಕೆ ಸಹ ಇಲ್ಲಿ ರಂಧಾ ಎಂಬ ಹೆಸರು. ಇವುಗಳಲ್ಲಿ ಎಚ್ಚರ ಬೇಕಾದದ್ದು ಬೀಟೆಯ ವಿಷಯದಲ್ಲಿ. ಬೀಟೆಗೆ ಮರಾಠಿಯಲ್ಲಿ ಶಿಸವ ಎನ್ನುತ್ತಾರೆ. ಉತ್ತರ ಹಿಂದುಸ್ಥಾನದ ಶೀಶಮ್ ಅದರ ದಾಯಾದಿಯೇ ಹೊರತು ಅದೇ ಅಲ್ಲ. ಶೀಶಮ್ ನದೀತೀರದ ಮರ, ಬಣ್ಣ ಕಂದು. ನಮ್ಮ ಘಟ್ಟದ ಬೀಟೆ ನೇರಳೆ ಬೆರೆತ ಕರಿಯದು, ಬೆಲೆಯೂ ಬಹಳ ಹೆಚ್ಚು. ಎರಡು ಹೆಸರೂ ಒಂದೇ ಎಂಬಂತೆ ಉಚ್ಚರಿಸಿ, ಶೀಶಮನ್ನು ಬೀಟೆಯ ದರಕ್ಕೆ ಮಾರುವವರುಂಟು. ಹಾಗೆಯೇ "ವೈಟ್ ಟೀಕ್" ಎಂದರೆ ಸಾಗುವಾನಿಯಲ್ಲ, ನಮ್ಮ ಶಿವನೆ. ಹಗುರ, ಸೊಟ್ಟಗಾಗದು, ಒಳ್ಳೆಯ ಮರವೇ. ಆದರೆ ಶಿವನೆಗೆ ಶಿವನೆಯ ಬೆಲೆ ಕೊಡಬೇಕಲ್ಲವೆ? "ಆಫ್ರಿಕನ್ ಟೀಕ್" ಎಂಬುದೂ ಸಾಮಾನ್ಯವಾಗಿ ಬೇರೆ ಜಾತಿಯ ಮರವೇ.

ಸಾಗುವಾನಿಯನ್ನು ಗುರುತಿಸುವುದು ಕಷ್ಟವಲ್ಲ. ಕಿಸೆಯಲ್ಲಿ ಒಂದು ಚಿಕ್ಕ ಚಾಕು ಇಟ್ಟುಕೊಂಡು ಹೋಗಿ, ಹಲಗೆಯ ತುದಿಯನ್ನು ಕೇಳಿಕೊಂಡೇ ಸ್ವಲ್ಪ ಕೆರೆಯಿರಿ. ಹೊಸ ಚರ್ಮದಂಥ ವಾಸನೆ, ಬೆರಳಿಗೆ ಮೇಣ ಸವರಿದಂಥ ಜಿಡ್ಡು, ತುದಿಯಲ್ಲಿ ಬರಿಗಣ್ಣಿಗೇ ಕಾಣುವ ವರ್ಷದ ಬಳೆಗಳು. ಬಳೆಗಳು ಒತ್ತಾಗಿದ್ದರೆ ಮರ ನಿಧಾನವಾಗಿ ಬೆಳೆದದ್ದು. ನಡುವಿನ ಹೊಂಬಣ್ಣದ ಚೇಗಿಗೆ ಗೆದ್ದಲು ಸುಲಭವಾಗಿ ಬಾಯಿ ಹಾಕದು. ಅಂಚಿನ ಬಿಳಿಮರಕ್ಕೆ ಆ ಗುಣವಿಲ್ಲ. ಒಂದು ಡಿಪೋದಲ್ಲಿ, ಹೆಸರು ಬೇಡ, ಬಿಳಿಮರಕ್ಕೆ ಬಣ್ಣದ ಎಣ್ಣೆ ಸವರಿ ಚೇಗಿನ ಸಾಲಿನಲ್ಲಿ ನಿಲ್ಲಿಸಿದ್ದರು. ಚಾಕು ತಾಗಿಸಿದೊಡನೆ ಕೆಳಗಿನ ಬಿಳುಪು ಹೊರಬಿತ್ತು. ಆ ಮನುಷ್ಯ ನಕ್ಕು, "ಸಾಹೇಬರು ಬಡಗಿಗಳೇನು?" ಎಂದ. ಭಾನುವಾರ ಮಾತ್ರ, ಎಂದೆ.

ಈಗ ಅಳತೆಗೆ ಬರೋಣ. ಹಣ ಸೋರುವುದು ಇಲ್ಲಿಯೇ. ಕೊಯ್ದ ಹಲಗೆಯ ಲೆಕ್ಕ ಸುಲಭ. ಉದ್ದವನ್ನು ಅಡಿಗಳಲ್ಲಿ, ಅಗಲ ಮತ್ತು ದಪ್ಪಗಳನ್ನು ಇಂಚಿನಲ್ಲಿ ಅಳೆದು, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಏಳಡಿ ಉದ್ದ, ಎಂಟು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆಯೆಂದರೆ 84 ಭಾಗಿಸು 144, ಅಂದರೆ 0.58 ಘನ ಅಡಿ. ಟೇಪು ನಿಮ್ಮದೇ ಇರಲಿ. ಹಲಗೆಯ ಎರಡು ತುದಿಗಳಲ್ಲೂ ನಡುವಿನಲ್ಲೂ ಅಳೆದು, ಕಡಿಮೆಯಿರುವುದನ್ನೇ ಬರೆಸಿರಿ.

ದಿಮ್ಮಿಯ ಲೆಕ್ಕವೇ ಬೇರೆ. ಅದರ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಾರೆ. ದುಂಡನೆಯ ಮರವನ್ನು ಚೌಕವೆಂದು ಭಾವಿಸುವ ಈ ಪದ್ಧತಿಗೆ ಹಾಪಸ್ ಎಂದು ಹೆಸರು. ಎಡ್ವರ್ಡ್ ಹಾಪಸ್ ಎಂಬ ಆಂಗ್ಲ ಸರ್ವೇಯರನು 1736ರಲ್ಲಿ ಇದರ ಕೋಷ್ಟಕ ಅಚ್ಚು ಹಾಕಿಸಿದ. ಗಣಿತದ ಪ್ರಕಾರ ನಿಜವಾದ ಗಾತ್ರದ ನೂರರಲ್ಲಿ 78.5 ಪಾಲು ಮಾತ್ರ ಇದರಲ್ಲಿ ಬರುತ್ತದೆ; ಉಳಿದದ್ದು ಕೊಯ್ಯುವಾಗ ಹೋಗುವ ಹೊರಪಾಲಿಗೆ ಬಿಟ್ಟ ರಿಯಾಯಿತಿಯೆಂದು ತಿಳಿಯಬೇಕು. ಒಂದು ಮೇಜಿಗಾಗಿ ದಿಮ್ಮಿ ಕೊಳ್ಳುವ ಸಾಹಸ ಮಾತ್ರ ಯಾರೂ ಮಾಡಬಾರದು. ಒಳಗೆ ಪೊಳ್ಳೋ ಗಂಟೋ, ಗರಗಸ ಹಾಯುವ ತನಕ ಬ್ರಹ್ಮನಿಗೂ ಗೊತ್ತಿಲ್ಲ.

ಸೋದರಿಯ ಮೇಜನ್ನು ಈ ಲೆಕ್ಕಕ್ಕೆ ಹಚ್ಚಿ ನೋಡುತ್ತೇನೆ. ತೋಪಡ ಹೊಡೆದು ಒಂದು ಇಂಚು ಉಳಿಯಬೇಕಾದರೆ ಒಂದೂಕಾಲು ಇಂಚಿನ ಹಲಗೆ ಬೇಕು. ಆ ಎರಡು ಸೂತು ಸಿಪ್ಪೆಯಾಗಿ ಹೋಗುತ್ತದೆ. ಮೇಲ್ಹಲಗೆ 0.83 ಘನ ಅಡಿ. ಎರಡೂವರೆ ಅಡಿಯ ನಾಲ್ಕು ಕಾಲುಗಳು, ಮೂರಕ್ಕೆ ಮೂರು ಇಂಚಿನವು, 0.63. ಸುತ್ತಲಿನ ಪಟ್ಟಿಗಳು ಒಟ್ಟು ಹನ್ನೆರಡು ಅಡಿ, ನಾಲ್ಕೂವರೆ ಇಂಚು ಅಗಲದವು, 0.47. ಎಲ್ಲ ಸೇರಿ 1.93. ಗಂಟು, ಸೀಳು, ತುದಿಯ ತುಂಡುಗಳೆಂದು ಇದರ ಮೇಲೆ ಕಾಲು ಭಾಗ ಕೂಡಿಸಿದರೆ ಸುಮಾರು ಎರಡೂವರೆ. ಹಾಗಾದರೆ ನಾಲ್ಕು ಕೇಳಿದ ಬಡಗಿ ಕಳ್ಳನೆ? ನಾನು ಹಾಗೆನ್ನಲಾರೆ. ಆತ ಮೇಲ್ಹಲಗೆಗೆ ಒಂದೂವರೆ ಇಂಚಿನ ದಪ್ಪ ಹಿಡಿದಿರಬಹುದು, ಡ್ರಾಯರನ್ನೂ ಪುಸ್ತಕದ ಹಲಗೆಯನ್ನೂ ಸೇರಿಸಿರಬಹುದು, ಬಿಳಿಮರವನ್ನೆಲ್ಲ ತೆಗೆದುಹಾಕುವ ಪ್ರಾಮಾಣಿಕನೂ ಆಗಿರಬಹುದು. ಅವನನ್ನು ಕೂಡಿಸಿ, ಚಹಾ ಕೊಟ್ಟು, ಒಂದೊಂದು ತುಂಡಿನ ಉದ್ದ ಅಗಲ ದಪ್ಪಗಳನ್ನು ಕಾಗದದ ಮೇಲೆ ಬರೆಸಿರಿ. ಆ ಪಟ್ಟಿ ಹಿಡಿದು ಅವನೊಡನೆಯೇ ಪೇಟೆಗೆ ಹೋಗಿ. ಮಿಕ್ಕ ತುಂಡುಗಳು ಮನೆಗೇ ಬರಲಿ ಎಂದು ಮೊದಲೇ ಹೇಳಿಬಿಡಿ; ನಾಲ್ಕು ಮೂರಾಗುವ ಸಂಭವ ಬಹಳ. ಡ್ರಾಯರಿನ ಪಕ್ಕ ಮತ್ತು ತಳಕ್ಕೆ ಪ್ಲೈವುಡ್ ಸಾಕು, ಕಣ್ಣಿಗೆ ಕಾಣುವ ಮುಖವೊಂದು ಸಾಗುವಾನಿಯಿದ್ದರಾಯಿತು. ಕೊಯ್ಯುವ ಕೂಲಿ, ಹಮಾಲಿ, ಜಿ.ಎಸ್.ಟಿ. ಇವು ದರದೊಳಗಿವೆಯೋ ಹೊರಗಿವೆಯೋ ಎಂಬುದನ್ನೂ ಮೊದಲೇ ಕೇಳಿ ರಸೀದಿ ತೆಗೆದುಕೊಳ್ಳಿ.

"ಒಣಗಿದೆಯೇ?" ಎಂದು ಕೇಳಿದರೆ ಯಾವ ವ್ಯಾಪಾರಿಯೂ ಇಲ್ಲ ಎನ್ನುವುದಿಲ್ಲ. ಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಅಗಲದಲ್ಲಿ ಕುಗ್ಗುತ್ತದೆ, ಅದರಲ್ಲೂ ಬಳೆಯ ಗುಂಟ ಕುಗ್ಗುವುದು ಅಡ್ಡಕ್ಕಿಂತ ಸುಮಾರು ಎರಡರಷ್ಟು. ಹಸಿ ಹಲಗೆ ಬಾಗುವುದು ಇದರಿಂದಲೇ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಸಂದು ಬಿಟ್ಟ ಬಾಗಿಲು ಜುಲೈಯಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಯಾರು ಕಂಡಿಲ್ಲ? ಪೇಟೆಯಲ್ಲಿ ತೇವ ನೋಡುವ ಪುಟ್ಟ ಯಂತ್ರವಿದ್ದರೆ ನೂರಕ್ಕೆ ಹನ್ನೆರಡರ ಆಸುಪಾಸು ತೋರಿದರೆ ಸಾಕು. ಇಲ್ಲದಿದ್ದರೆ ಹಲಗೆಗಳನ್ನು ಮನೆಗೆ ತಂದು, ನಡುನಡುವೆ ಸಣ್ಣ ರೀಪುಗಳನ್ನಿಟ್ಟು, ಗಾಳಿಯಾಡುವಂತೆ ಒಂದರ ಮೇಲೊಂದು ಪೇರಿಸಿರಿ. ಒಂದು ತುಂಡನ್ನು ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಬಡಗಿಯನ್ನು ಕರೆಯಬಹುದು. ಮಂಚದ ಕೆಳಗೆ ಮರ ತುಂಬಿದ್ದಕ್ಕೆ ಮನೆಯವರ ಕೋಪ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು.

"ಎಲ್ಲಿಯ ಸಾಗುವಾನಿ?" ಎಂದರೆ ಪೇಟೆಯಲ್ಲಿ ಇಂದು ಘಾನಾ, ನೈಜೀರಿಯಾ, ಈಕ್ವೆಡಾರ್, ಪನಾಮಾ ಎಂದು ಭೂಗೋಳದ ಪಾಠವೇ ನಡೆಯುತ್ತದೆ. ಹಿಂದೆ ಹೆಸರಾಗಿದ್ದುದು ಬರ್ಮಾ ತೇಗ. ಆ ದೇಶ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಈಗ ಹಡಗಿನಲ್ಲಿ ಬರುವುದರಲ್ಲಿ ಹೆಚ್ಚಿನದು ತೋಟದಲ್ಲಿ ಬೆಳೆಸಿದ ಎಳೆಯ ಮರ, ಅದರಲ್ಲಿ ಬಿಳಿಮರದ ಪಾಲು ಹೆಚ್ಚು. ತೇಗವನ್ನು ತೋಟವಾಗಿ ಬೆಳೆಸುವ ವಿದ್ಯೆಯಾದರೋ ನಮ್ಮ ನೆರೆಯ ಮಲಬಾರಿನ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಮೊದಲಾದದ್ದು. ಅದಕ್ಕೂ ಮೊದಲು, 1817ರಲ್ಲಿ, ಮಲಬಾರಿನ ತೇಗದಿಂದ ಮುಂಬಯಿಯ ವಾಡಿಯಾ ಮನೆತನದವರು ಕಟ್ಟಿಕೊಟ್ಟ ಟ್ರಿಂಕೋಮಲೀ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ.

ನಮ್ಮವರಿಗೆ ಮಾತ್ರ ದಾಂಡೇಲಿಯ ತೇಗವೆಂದರೆ ತವರಿನ ತುಪ್ಪವಿದ್ದಂತೆ. ಅಲ್ಲಿಯ ಅರಣ್ಯ ಇಲಾಖೆಯ ಡಿಪೋದಲ್ಲಿ ಮರ ಲಾಟು ಲಾಟಾಗಿ ಹರಾಜಾಗುತ್ತದೆ. ಒಂದು ಮೇಜಿನವರಿಗೆ ಅದು ದಕ್ಕುವಂಥದಲ್ಲ. ಊರಿನ ಹಿತ್ತಲಲ್ಲಿ ನಮ್ಮದೇ ಮರವಿದೆ, ಕಡಿಸಿ ಲಾರಿಗೆ ಹಾಕಿಸಿದರಾಯಿತು ಎನ್ನುವ ಬಂಧುಗಳೂ ಇದ್ದಾರೆ. ತೇಗ ಬೀಟೆಗಳು ನಮ್ಮ ನೆಲದಲ್ಲಿ ನಿಂತಿದ್ದರೂ ಇಲಾಖೆಯ ಅನುಮತಿಯಿಲ್ಲದೆ ಕೊಡಲಿ ಹಾಕುವಂತಿಲ್ಲ. ಸಾಗಣೆಯ ಪರವಾನಗಿ ಇಲ್ಲದೆ ನಿಪ್ಪಾಣಿ ದಾಟಿಸುವಂತಿಲ್ಲ. 2023ರ ಡಿಸೆಂಬರಿನಿಂದ ಇಡೀ ದೇಶಕ್ಕೆ ಒಂದೇ ಪರವಾನಗಿಯ ಆನ್‌ಲೈನ್ ವ್ಯವಸ್ಥೆ ಬಂದಿದೆ. ಮೊದಲು ಊರಿನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಬಡಗಿಗೆ ಮಾತು ಕೊಡಿ.

ನನ್ನ ಸ್ವಂತ ಒಲವು ಹಳೆಯ ಮರದ ಕಡೆಗೆ. ಪುಣೆಯ ಪೇಠೆಗಳಲ್ಲಿ ವಾಡೆಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದ ದಿನ ನದಿಯಂಚಿನ ಎಷ್ಟೋ ವಾಡೆಗಳು ನೀರುಪಾಲಾದವು. ಉಳಿದವುಗಳ ಜಾಗದಲ್ಲಿ ಈಗ ಫ್ಲಾಟುಗಳು ಏಳುತ್ತಿವೆ. ವಿಶ್ರಾಮಬಾಗ ವಾಡೆಯ ಮುಂಭಾಗದ ಸುರು ಕಂಬಗಳನ್ನು ನಿಂತು ನೋಡಿದವರಿಗೆ ಆ ಕಾಲದ ಸಾಗುವಾನಿ ಎಂಥದೆಂದು ಹೇಳಬೇಕಾಗಿಲ್ಲ. ಅಂಥ ಮರದ ತೊಲೆ, ಜಂತಿ, ಬಾಗಿಲುಗಳು ಕೆಡವುವ ಕಂತ್ರಾಟುದಾರರ ಬಳಿಯೂ ಹಳೆಯ ಮರದ ಅಂಗಡಿಗಳಲ್ಲೂ ದೊರೆಯುತ್ತವೆ. ಚಿಕ್ಕಪುಟ್ಟ ತುಂಡುಗಳು ಬುಧವಾರ, ಭಾನುವಾರ ಕೂಡುವ ಜುನಾ ಬಜಾರಿನಲ್ಲಿ ಕಣ್ಣಿಗೆ ಬೀಳುವುದುಂಟು. ನೂರು ವರ್ಷ ಮನೆಯೊಳಗೇ ಒಣಗಿದ ಮರ, ಇನ್ನು ಬಾಗುವುದೆಲ್ಲಿಂದ? ಮೇಲೆ ಹೊಗೆ, ಸುಣ್ಣ, ಎಣ್ಣೆಬಣ್ಣಗಳ ಕೊಳೆ ಕಂಡು ಹೇಸಬೇಡಿ. ಎರಡು ಸಲ ತೋಪಡ ಎಳೆದರೆ ಒಳಗಿನ ಹೊನ್ನು ಕಾಣುತ್ತದೆ. ಆದರೆ ಗೋಡೆಯೊಳಗೆ ಹುದುಗಿದ್ದ ತುದಿಯನ್ನು ಚಾಕುವಿನಿಂದ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದರೆ ಅಲ್ಲಿಂದಲೇ. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ಉದ್ದಕ್ಕೂ ಸವರಿ, ಅದು ಜಗ್ಗಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಮೊಳೆಗಳನ್ನು ಕಿತ್ತಾದ ಮೇಲೆಯೇ ಗಿರಣಿಗೆ ಒಯ್ಯಿರಿ. ಹಳೆಯ ತೊಲೆ ಎಂದೊಡನೆ ಅನೇಕ ಗಿರಣಿಯವರು ಕೈ ಆಡಿಸಿಬಿಡುತ್ತಾರೆ. ಗರಗಸದ ಪಟ್ಟಿ ತುಂಡಾದರೆ ಅದರ ಬೆಲೆ ನೀವು ಕೊಡುವಿರೆಂದು ಮೊದಲೇ ಒಪ್ಪಿದರೆ ಕೊಯ್ದು ಕೊಡುತ್ತಾರೆ.