ಕೀಲಿ ಮತ್ತು ಕೀಲಿಕೈ

ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಹೊಲಗಳಲ್ಲಿ, ರಬಕವಿ–ಬನಹಟ್ಟಿಯ ಮಗ್ಗದ ಮನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಮುಟ್ಟಿನ ಅತಿಸ್ರಾವವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳಿದಾಗ ಬರುವುದು ಗರ್ಭಚೀಲ ತೆಗೆಸುವ ಮಾತು. ಅದಕ್ಕೂ ಮೊದಲು ಒಳಗೇನು ನಡೆಯುತ್ತದೆ ಎಂಬುದನ್ನು ತಾಯಿ, ಮಗಳು ಇಬ್ಬರೂ ತಿಳಿದಿರಬೇಕು.

ಗರ್ಭಕೋಶದ ಒಳಪದರದ ಜೀವಕೋಶಗಳಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಗ್ರಾಹಕ ಕೀಲಿಯಾದರೆ ಹಾರ್ಮೋನು ಕೀಲಿಕೈ. ಈಸ್ಟ್ರೋಜನ್ ತನ್ನ ಗ್ರಾಹಕವನ್ನು ಸೇರಿದಾಗ ಪದರ ಬೆಳೆಯುತ್ತದೆ. ಪ್ರೊಜೆಸ್ಟರಾನಿನ ಗ್ರಾಹಕಗಳೂ ಹೆಚ್ಚುತ್ತವೆ. ಅಂಡ ಬಿಡುಗಡೆಯಾದ ಮೇಲೆ ಬರುವ ಪ್ರೊಜೆಸ್ಟರಾನ್, ಈಸ್ಟ್ರೋಜನ್ ಗ್ರಾಹಕಗಳನ್ನು ತಗ್ಗಿಸಿ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಅಂಡ ಬಿಡುಗಡೆಯಾಗದಿದ್ದರೆ ಕಡಿವಾಣವಿಲ್ಲ. ಪದರ ದಪ್ಪವಾಗಿ, ಹೊತ್ತುಗೊತ್ತಿಲ್ಲದೆ ಕಳಚಿ, ರಕ್ತ ಹೆಚ್ಚು ಹೋಗುತ್ತದೆ. ಮೈನೆರೆದ ಮೊದಲ ವರ್ಷಗಳಲ್ಲೂ ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಇದು ಸಾಮಾನ್ಯ. ಗಡ್ಡೆ, ಥೈರಾಯ್ಡ್ ದೋಷಗಳೂ ಕಾರಣವಾಗಬಹುದು.

ಸ್ರಾವ 8 ದಿನ ಮೀರಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ಹಾರ್ಮೋನಿನ ಏರುಪೇರಾದರೆ ಅನೇಕರಿಗೆ ಮಾತ್ರೆಯಿಂದಲೇ ಗುಣ ಕಾಣುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರಲು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು, ರಕ್ತ ಹೋಗಲು ಕಾರಣವೇನೆಂದು ವೈದ್ಯರನ್ನು ಕೇಳಿ ತಿಳಿಯಿರಿ.