‘ವೇವರ್’ ಬೇರೆ, ‘ರೈಟ್ ಆಫ್’ ಬೇರೆ

ಬ್ಯಾಂಕಿನವರ ಬಾಯಲ್ಲಿ ಎರಡು ಇಂಗ್ಲಿಷ್ ಶಬ್ದಗಳಿವೆ: ‘ವೇವರ್’ ಮತ್ತು ‘ರೈಟ್ ಆಫ್’. ನಾವು ಎರಡಕ್ಕೂ ‘ಮನ್ನಾ’ ಅಂತೀವಿ. ಈ ಗೊಂದಲ ದುಬಾರಿಯದು.

ವೇವರ್ ಅಂದರೆ ಸಾಲ ಹರಿಯಿತು. ನಿಮ್ಮ ಬಾಕಿಯನ್ನು ಸರಕಾರ ಬ್ಯಾಂಕಿಗೆ ತುಂಬಿಕೊಡುತ್ತದೆ. 1990ರಲ್ಲಿ 10 ಸಾವಿರದವರೆಗೆ ಆದದ್ದು, 2008ರಲ್ಲಿ ಕೇಂದ್ರ, 2018ರಲ್ಲಿ ರಾಜ್ಯ ಮಾಡಿದ್ದು ಇದೇ. ರೈಟ್ ಆಫ್ ಹಾಗಲ್ಲ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಲಾಭದಲ್ಲಿ ಮುರಿದು ಅಢಾವೆ ಪತ್ರಿಕೆಯಿಂದ ತೆಗೆಯುತ್ತದೆ, ಅಷ್ಟೇ. ಸ್ವಚ್ಛ ಆಗುವುದು ಅವರ ಪುಸ್ತಕ. ನಿಮ್ಮ ಉತಾರದ ಮೇಲಿನ ಬೋಜಾ ಹಾಗೇ ಕೂತಿರುತ್ತದೆ, ನೋಟೀಸೂ ಬರುತ್ತದೆ. ಸಿಬಿಲ್‌ನಲ್ಲಿ ‘ರೈಟ್ ಆಫ್’ ಅಂತ ಬಿದ್ದರೆ ಮುಂದಿನ ಸಾಲಕ್ಕೂ ಕಲ್ಲು.

2008ರ ಯೋಜನೆಯಲ್ಲಿ ಇನ್ನೊಂದು ಶಬ್ದ ಇತ್ತು: ‘ರಿಲೀಫ್’. 2 ಹೆಕ್ಟೇರಿನೊಳಗಿನವರಿಗೆ ವೇವರ್, ಅದನ್ನು ದಾಟಿದವರಿಗೆ ರಿಲೀಫ್. ಅಂದರೆ ಮೊದಲು ಮುಕ್ಕಾಲು ಪಾಲು ನೀವು ಕಟ್ಟಬೇಕು, ಆಮೇಲೆ ಕಾಲು ಪಾಲು ಬಿಡುತ್ತಾರೆ! ಹೊಳೆದಂಡೆಯ ನಾಲ್ಕು ಎಕರೆ ಕಬ್ಬಿನವ ಬಡವ, ಮಳೆ ನಂಬಿದ ಆರು ಎಕರೆ ಎರೆಹೊಲದವ ಸಾವಕಾರ. ಎಂಥಾ ಲೆಕ್ಕ ನೋಡ್ರಿ.

ಈಗ ದೊಡ್ಡವರ ಮಾತು. 2014ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು 14.56 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ದೊಡ್ಡ ಉದ್ದಿಮೆಗಳದ್ದೇ 7.40 ಲಕ್ಷ ಕೋಟಿ ಎಂದು ಸರಕಾರವೇ ಲೋಕಸಭೆಗೆ ಹೇಳಿದೆ. ‘ಇದು ಮನ್ನಾ ಅಲ್ಲ, ವಸೂಲಿ ನಡೆದಿದೆ’ ಅನ್ನುತ್ತಾರೆ. ಶಬ್ದಾರ್ಥ ಖರೇ, ಒಪ್ಪೋಣ. ಆದರೆ ಅದೇ ಒಂಬತ್ತು ವರ್ಷಗಳಲ್ಲಿ ರೈಟ್ ಆಫ್ ಸಾಲದಿಂದ ಮರಳಿ ಬಂದದ್ದು ಸುಮಾರು 2 ಲಕ್ಷ ಕೋಟಿ. ಕಂಪನಿಗೆ 2016ರ ದಿವಾಳಿ ಕಾನೂನಿದೆ. ಒಂದಿಷ್ಟು ಕೊಟ್ಟು ಉಳಿದದ್ದನ್ನು ಅಲ್ಲೇ ಕೈಬಿಡಿಸುತ್ತಾರೆ. ಅವರ ರೈಟ್ ಆಫ್ ಕಡೆಗೆ ವೇವರ್ ಆಗುತ್ತದೆ. ನಮ್ಮದು ಆಗುವುದಿಲ್ಲ; ನಮ್ಮ ಹೊಲ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ!

ಆದ್ದರಿಂದ ಮ್ಯಾನೇಜರ್ ಸಾಹೇಬರು ‘ನಿಮ್ಮ ಸಾಲ ತಗದೀವ್ರಿ’ ಅಂದರೆ ಕೈಮುಗಿದು ಎದ್ದು ಬರಬೇಡಿ. ಯಾವ ಪುಸ್ತಕದಿಂದ ತೆಗೆದಿರಿ ಅಂತ ಕೇಳಿ. ಬೇಬಾಕಿ ಪತ್ರ ಕೈಗೆ ಬರಲಿ, ಉತಾರದಿಂದ ಬೋಜಾ ಇಳಿಯಲಿ. ಸಹಿ ಹಾಕುವ ಕಾಗದ ಕನ್ನಡದಲ್ಲಿರಲಿ.

ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನವರಿಗೆ ಇನ್ನೊಂದು ಮಾತು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲು ಬರಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಆ ಬಡ್ಡಿಯನ್ನು ನಾವು ವೇವರೂ ಮಾಡಿಲ್ಲ, ರೈಟ್ ಆಫೂ ಮಾಡಿಲ್ಲ. ಬಿಲ್ಲು ತಡವಾದವರು ಈ ಹಂಗಾಮಿನಲ್ಲೇ ಕಾರ್ಖಾನೆಗೆ ಬರೆದು ಕೇಳಿ, ಪೋಚು ಇಟ್ಟುಕೊಳ್ಳಿ.